ದಿ ಸ್ಟ್ರೋಕ್ಸ್ ಬ್ಯಾಂಡಿನ ಮೊದಲ ಆಲ್ಬಮ್‌ನಲ್ಲಿ ಗಾಯಕನ ದನಿ ಯಾಕೆ ಹಳೇ ಫೋನಿನಲ್ಲಿ ಕೇಳಿದ ಹಾಗಿದೆ?

ರೆಕಾರ್ಡಿಂಗ್ ಕೆಟ್ಟಿಲ್ಲ. ಬೇಕಂತಲೇ ಹಾಗೆ ಮಾಡಿದ್ದು.

'ಈಸ್ ದಿಸ್ ಇಟ್' ಬಂದಿದ್ದು 2001ರಲ್ಲಿ. ಮೊದಲು ಗಿಲ್ ನಾರ್ಟನ್ ಎಂಬ ಹೆಸರಾಂತ ನಿರ್ಮಾಪಕರ ಜೊತೆ ಶುರು ಮಾಡಿದ್ದರು. ಅದು ತೀರಾ ನುಣುಪಾಯಿತು ಅನ್ನಿಸಿ ಬಿಟ್ಟರು. ಆಮೇಲೆ ಗಾರ್ಡನ್ ರಾಫೆಲ್ ಜೊತೆ ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿ, ನೆಲಮಾಳಿಗೆಯ ಒಂದು ಪುಟ್ಟ ಸ್ಟುಡಿಯೋದಲ್ಲಿ ಕೂತರು. ಜೂಲಿಯನ್ ಕಾಸಾಬ್ಲಾಂಕಾಸ್ ಹಾಡಿದ್ದು ಮನೆಯಲ್ಲಿ ಪ್ರಾಕ್ಟೀಸಿಗೆ ಇಟ್ಟುಕೊಳ್ಳುವಂಥ ಚಿಕ್ಕ ಪೀವಿ ಆಂಪ್ಲಿಫೈಯರ್ ಮೂಲಕ. ಆ ಕರಕರ ಬಂದಿದ್ದು ಅದರಿಂದಲೇ. ಡ್ರಮ್ಸ್‌ಗೂ ಮೈಕುಗಳು ಕಡಿಮೆ. ಐದೂ ಜನ ಒಟ್ಟಿಗೆ ನುಡಿಸಿದ್ದನ್ನು ಹೆಚ್ಚು ತಿದ್ದದೆ ಹಾಗೇ ಉಳಿಸಿಕೊಂಡರು.

ಆದರೆ ಒರಟು ಅಂದರೆ ಒಡ್ಡೊಡ್ಡು ಅಂತಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ: ನಿಕ್ ವಲೆನ್ಸಿ, ಆಲ್ಬರ್ಟ್ ಹ್ಯಾಮಂಡ್ ಜೂನಿಯರ್ ಇಬ್ಬರ ಗಿಟಾರ್ ಹೆಣಿಗೆ ಹಾಕಿದ ಹಾಗೆ ಸೇರುತ್ತವೆ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು. ಒಂದು ಸ್ವರವೂ ಜಾಸ್ತಿ ಅನ್ನಿಸಲ್ಲ. ಸುಮ್ನೆ ಮಜಾಕ್ಕೆ ನುಡಿಸಿದ ಹಾಗೆ ಕೇಳಿಸುತ್ತೆ, ಆದರೆ ಲೆಕ್ಕಾಚಾರ ಮಾತ್ರ ಪಕ್ಕಾ. ನನಗೆ ಗಾಯನಕ್ಕಿಂತ ಇದೇ ಇಷ್ಟ. ಹನ್ನೊಂದು ಹಾಡು, 40 ನಿಮಿಷವೂ ಇಲ್ಲ.

ಅಂದಹಾಗೆ, ನೀವು ಅಮೆರಿಕದ ಹಳೇ ಸಿಡಿ ಕೇಳುತ್ತಿದ್ದರೆ 'ನ್ಯೂಯಾರ್ಕ್ ಸಿಟಿ ಕಾಪ್ಸ್' ಅದರಲ್ಲಿ ಇರಲ್ಲ. ಪೊಲೀಸರನ್ನು ಗೇಲಿ ಮಾಡುವ ಹಾಡು ಅದು. ಸೆಪ್ಟೆಂಬರ್ 11ರ ದಾಳಿಯ ನಂತರ ಅದನ್ನು ತೆಗೆದು 'ವೆನ್ ಇಟ್ ಸ್ಟಾರ್ಟೆಡ್' ಹಾಕಿದರು. ಬ್ರಿಟನ್ ಆವೃತ್ತಿಯಲ್ಲಿ ಮೂಲ ಹಾಡೇ ಇದೆ.