ಹೊಳೆಯಿಲ್ಲದ ಬಯಲಲ್ಲಿ ಸೇತುವೆಯ ಕಂಬಗಳು

ಪ್ರಶ್ನೆ: ಊರಾಚೆಯ ಬಯಲಿನಲ್ಲಿ ಕಲ್ಲಿನಿಂದ ಕಟ್ಟಿದ ಮೂರು ದಪ್ಪ ಕಂಬಗಳು ಸಾಲಾಗಿ ನಿಂತಿವೆ. ಹತ್ತಿರ ದಾರಿಯಿಲ್ಲ, ಹೊಳೆ ಹರಿಯುವುದು ಕೂಗಳತೆ ದೂರದಲ್ಲಿ. ಮೂರೂ ಕಂಬಗಳ ಒಂದು ಬದಿ ದೋಣಿಯ ಮೂತಿಯಂತೆ ಚೂಪಾಗಿದೆ. ಕೆಲವರು ಕೋಟೆ ಬುರುಜು ಎನ್ನುತ್ತಾರೆ, ಕೆಲವರು ಸೇತುವೆ ಎನ್ನುತ್ತಾರೆ. ಸೇತುವೆಯಾದರೆ ನೀರಿಲ್ಲದ ಕಡೆ ಯಾಕೆ ಕಟ್ಟಿದರು? ಮೇಲ್ಭಾಗ ಏನಾಯಿತು?

ಉತ್ತರ: ಮೂತಿಯ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ಮೂರೂ ಕಂಬಗಳ ಚೂಪು ಒಂದೇ ದಿಕ್ಕಿಗಿದ್ದರೆ ಅದು ನೀರು ಸೀಳುವುದಕ್ಕೆ ಕಟ್ಟಿದ್ದು, ಬುರುಜಲ್ಲ. ಚೂಪು ಇರುವ ದಿಕ್ಕಿನಿಂದ ಹೊಳೆ ಬರುತ್ತಿತ್ತು. ಕಟ್ಟಿದವರು ನೀರಿದ್ದಲ್ಲೇ ಕಟ್ಟಿದ್ದಾರೆ, ಆಮೇಲೆ ಸರಿದದ್ದು ಹೊಳೆ. ಬಯಲಿನಲ್ಲಿ ಹರಿಯುವ ಹೊಳೆ ತಿರುವಿನ ಹೊರದಂಡೆಯನ್ನು ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ಒಟ್ಟುತ್ತದೆ. ಒಂದು ದೊಡ್ಡ ನೆರೆಗೆ ತಿರುವಿನ ಕುತ್ತಿಗೆ ಕಡಿದುಹೋದರೆ ಹಳೆಯ ಪಾತ್ರ ಒಣಗಿಬಿಡುತ್ತದೆ. ಕಂಬಗಳ ಆಚೀಚೆ ತಗ್ಗಾದ ಪಟ್ಟಿ, ಮಣ್ಣಿನಲ್ಲಿ ನುಣ್ಣನೆಯ ಉರುಟು ಕಲ್ಲು ಕಾಣುತ್ತವೆಯೇ ನೋಡಿ.

ಮೇಲ್ಭಾಗದ ಕಥೆ ಕಂಬದ ನೆತ್ತಿಯಲ್ಲಿದೆ. ಸೇತುವೆ ತಪಾಸಣೆಗೆ ಸೇರಿದ ಹೊಸದರಲ್ಲಿ ಇಂಥದೇ ಒಂದು ಕಂಬ ನೋಡಿ 'ಕಮಾನು ಕುಸಿದಿದೆ' ಎಂದು ಬರೆದುಕೊಂಡಿದ್ದೆ. ಜೊತೆಗಿದ್ದ ಹಿರಿಯ ಕಲ್ಲುಕುಟಿಗರು ಏಣಿ ಹತ್ತಿ ನೆತ್ತಿಯ ಮೇಲೆ ಕೈಯಾಡಿಸಿ, "ಕಮಾನು ಕೂತಿದ್ದರೆ ಕಲ್ಲಿಗೆ ಓರೆ ಬೇಕಲ್ಲ ಸಾರ್, ಇದು ಮಟ್ಟಸವಾಗಿದೆ" ಎಂದರು. ಅಲ್ಲೇ ತೊಲೆ ಕೂರಿಸಲು ಕೊರೆದ ನಾಲ್ಕು ಚೌಕ ಗುಳಿಗಳಿದ್ದವು. ಮೇಲಿದ್ದದ್ದು ಮರದ ಹಾಸು. ಅಂದಿನಿಂದ ಯಾವ ಹಾಳು ಸೇತುವೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ನೆತ್ತಿಗೆ.

ನಿಮ್ಮಲ್ಲಿ ಓರೆ ಕಲ್ಲು ಸಿಕ್ಕರೆ ಕಮಾನೇ. ಅಕ್ಕಪಕ್ಕದ ಕಮಾನುಗಳು ಕಂಬವನ್ನು ಎರಡು ಕಡೆಯಿಂದ ಒತ್ತಿಕೊಂಡು ನಿಂತಿರುತ್ತವೆ. ನೆರೆ ಒಂದು ಕಂಬದ ಬುಡ ಕೊರೆದು ಅದು ವಾಲಿತೆಂದರೆ ಎರಡೂ ಬದಿಯ ಕಮಾನು ಬೀಳುತ್ತವೆ. ಫ್ರಾನ್ಸಿನ ಅವಿನ್ಯೋನ್ ಸೇತುವೆಗೆ 22 ಕಮಾನುಗಳಿದ್ದವು. ರೋನ್ ನದಿಯ ನೆರೆಗಳು ಮತ್ತೆ ಮತ್ತೆ ಕೆಡವಿ ಈಗ 4 ಉಳಿದಿವೆ, ಸೇತುವೆ ನೀರಿನ ನಡುವೆಯೇ ನಿಂತುಹೋಗಿದೆ. ಬಿದ್ದ ಕಲ್ಲನ್ನು ಹೊಳೆಯಷ್ಟೇ ಒಯ್ಯುವುದಿಲ್ಲ, ಚೆನ್ನಾಗಿ ಕೆತ್ತಿದ ಕಲ್ಲು ಸಿಕ್ಕರೆ ಜನರೂ ಬಿಡುವುದಿಲ್ಲ. ಸುತ್ತಲಿನ ಹಳೆಯ ಗೋಡೆ, ಬಾವಿಕಟ್ಟೆಗಳಲ್ಲಿ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾದ ಕಲ್ಲು ಹುಡುಕಿ, ಅದು ಕಮಾನಿನದೇ ಇರಬಹುದು.

ಕಲ್ಲಿನ ಸಂದಿಯಲ್ಲಿರುವ ಗಾರೆ ನೋಡಿ ವಯಸ್ಸು ಹೇಳಲು ಅವಸರ ಬೇಡ. ಈಗ ಎಲ್ಲೆಡೆ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಅದಾದ ಮೇಲೂ ಸುಣ್ಣದ ಗಾರೆಯಲ್ಲಿ ಕಟ್ಟುವುದು ಬಹುಕಾಲ ನಡೆದಿತ್ತು. ಹೊರಸಂದಿಯಲ್ಲಷ್ಟೇ ಸಿಮೆಂಟ್ ಕಂಡರೆ ಅದು ಆಮೇಲಿನ ರಿಪೇರಿಯೂ ಆಗಿರಬಹುದು.

ಒಂದು ಕೋರಿಕೆ: ಕಂಬದ ಬುಡ ಅಗೆಯಬೇಡಿ. ಇಷ್ಟು ವರ್ಷ ಅದನ್ನು ಹಿಡಿದು ನಿಲ್ಲಿಸಿರುವುದು ಆ ಮಣ್ಣು. ಕಂಬಗಳ ನಡುವಿನ ಅಂತರ, ಅವುಗಳ ಅಗಲ ಅಳೆದು, ಚೂಪಿನ ದಿಕ್ಕು ಗುರುತಿಸಿ, ನೆತ್ತಿಯ ಫೋಟೋ ಜೊತೆಗೆ ಕಳುಹಿಸಿ. ಗಾಡಿ ದಾಟುತ್ತಿತ್ತೋ, ಜನರಷ್ಟೇ ದಾಟುತ್ತಿದ್ದರೋ ಆಗ ಹೇಳಬಲ್ಲೆ.