ಪಕ್ಕದ ಟೇಬಲಿಗಿಲ್ಲದ ನಿಯಮ ನಮಗೆ ಮಾತ್ರ ಯಾಕೆ?

ಪ್ರಶ್ನೆ: ಮೇಡಂ, ನಾವು ಅಮೆರಿಕದಲ್ಲಿದ್ದೇವೆ. ಮೊನ್ನೆ ಅಪ್ಪ ಅಮ್ಮನ ಜೊತೆ ಒಂದು ರೆಸ್ಟೋರೆಂಟಿಗೆ ಹೋಗಿದ್ದೆವು. ಊಟ ತರುವ ಮೊದಲೇ ದುಡ್ಡು ಕೊಡಿ ಅಂದರು. ಪಕ್ಕದ ಟೇಬಲಿನ ಬಿಳಿಯರು ಊಟ ಮುಗಿಸಿ ಆರಾಮಾಗಿ ಬಿಲ್ ಕೊಟ್ಟರು. ಜಗಳ ಬೇಡ ಅಂತ ಸುಮ್ನೆ ಕೊಟ್ಟು ಬಂದೆ. ಈಗ ಏನಾದರೂ ಮಾಡಬಹುದಾ?

ಉತ್ತರ: ಅಪ್ಪ ಅಮ್ಮನ ಎದುರು ಹಾಗಾದರೆ ಸಂಕಟ ಜಾಸ್ತಿ. ನೀವು ಸುಮ್ಮನೆ ಬಂದಿದ್ದು ತಪ್ಪಲ್ಲ, ಅದರಿಂದ ನಿಮ್ಮ ಹಕ್ಕೂ ಹೋಗಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಪಕ್ಕದ ಟೇಬಲ್. ಎಲ್ಲರ ಹತ್ತಿರವೂ ಮೊದಲೇ ದುಡ್ಡು ಕೇಳುತ್ತಿದ್ದರೆ ಅದು ಅಲ್ಲಿನ ಪದ್ಧತಿ, ಅಷ್ಟೇ. ನಿಮ್ಮನ್ನು ಮಾತ್ರ ಕೇಳಿದ್ದರೆ ಕಾರಣ ಹೇಳಬೇಕಾದವರು ಅವರು. ಡೆನ್ನೀಸ್ ರೆಸ್ಟೋರೆಂಟುಗಳ ಮೇಲೆ ಆಫ್ರಿಕನ್ ಅಮೆರಿಕನ್ ಗ್ರಾಹಕರು ಹೂಡಿದ ದಾವೆಗಳಲ್ಲೂ ಇದೇ ದೂರಿತ್ತು: ನಮ್ಮಿಂದ ಮಾತ್ರ ಮುಂಚೆಯೇ ದುಡ್ಡು ಕೇಳುತ್ತಾರೆ, ನಮ್ಮನ್ನೇ ಕಾಯಿಸುತ್ತಾರೆ. 1994ರಲ್ಲಿ ಕಂಪನಿ 5.4 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು.

1964ರ ನಾಗರಿಕ ಹಕ್ಕುಗಳ ಕಾಯ್ದೆ ರೆಸ್ಟೋರೆಂಟ್, ಹೋಟೆಲ್, ಥಿಯೇಟರುಗಳಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಭೇದ ಮಾಡುವುದನ್ನು ತಡೆಯುತ್ತದೆ. ಆದರೆ ಅದರಡಿ ಗ್ರಾಹಕರಿಗೆ ಪರಿಹಾರದ ಹಣ ಸಿಗುವುದಿಲ್ಲ. ಹಾಗೆ ಮಾಡಬೇಡಿ ಎಂದು ಕೋರ್ಟು ಆದೇಶ ಕೊಡಬಹುದು. ಹಣ ಕೇಳಲು ಇನ್ನೊಂದು ದಾರಿ ಇದೆ: ವ್ಯವಹಾರ, ಒಪ್ಪಂದಗಳಲ್ಲಿ ಎಲ್ಲ ಜನಾಂಗದವರಿಗೂ ಸಮಾನ ಹಕ್ಕು ಕೊಡುವ, 1866ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ ಕಾನೂನು. ಅದು ಭಾರತೀಯರಿಗೂ ಸಿಗುತ್ತದಾ ಅನ್ನುವ ಅನುಮಾನ ಬೇಡ. ವಂಶ, ಜನಾಂಗೀಯ ಮೂಲದ ಕಾರಣಕ್ಕೆ ಭೇದ ಕಂಡವರಿಗೂ ಅದು ರಕ್ಷಣೆ ಕೊಡುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ.

ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ನಮ್ಮ ಜನಾಂಗ ಬೇರೆಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನೀವೇ ತೋರಿಸಬೇಕು. 2020ರ ತೀರ್ಪೊಂದು ಇದನ್ನು ಖಚಿತ ಮಾಡಿತು. ಊಟ ತಡವಾಯಿತು, ಮುಖ ಸಿಂಡರಿಸಿದರು ಅನ್ನುವುದಷ್ಟೇ ಇದ್ದರೆ ಸಾಮಾನ್ಯವಾಗಿ ಕೇಸು ನಿಲ್ಲುವುದಿಲ್ಲ. ನಿಮ್ಮದು ಅದಕ್ಕಿಂತ ಗಟ್ಟಿ.

ಹಾಗಾಗಿ ಇವತ್ತೇ ಎಲ್ಲ ಬರೆದಿಡಿ: ದಿನ, ಹೊತ್ತು, ಯಾರು ಏನು ಅಂದರು, ಪಕ್ಕದವರು ಯಾವಾಗ ದುಡ್ಡು ಕೊಟ್ಟರು. ಅಪ್ಪ ಅಮ್ಮನಿಗೆ ನೆನಪಿರುವುದನ್ನೂ ಬೇರೆಯಾಗಿ ಬರೆಸಿ. ಬಿಲ್ ಎಸೆಯಬೇಡಿ. ಆಮೇಲೆ ಮ್ಯಾನೇಜರಿಗೆ ಇಮೇಲ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಮೊದಲೇ ದುಡ್ಡು ಕೊಡುವ ನಿಯಮ ಎಲ್ಲ ಗ್ರಾಹಕರಿಗೂ ಇದೆಯೇ?" ಬೈಗುಳ, ಆರೋಪ ಬೇಡ. ಇಲ್ಲ ಎಂದು ಅವರು ಬರೆದರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಉತ್ತರ ಬಾರದಿದ್ದರೆ ರಾಜ್ಯದ ನಾಗರಿಕ ಹಕ್ಕುಗಳ ಕಚೇರಿಗೋ, ಕೇಂದ್ರದ ನ್ಯಾಯ ಇಲಾಖೆಗೋ ದೂರು ಕೊಡಿ. ದೂರಿನ ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದನ್ನು ಈ ವಾರವೇ ವಿಚಾರಿಸಿಕೊಳ್ಳಿ.