ಹೆಪಾ, ಅಲ್ಪಾ ಫಿಲ್ಟರ್‌ಗಳಲ್ಲಿ ಎಷ್ಟು ಬಗೆ? ಟಿಶ್ಯೂ ಕಲ್ಚರ್ ಲ್ಯಾಬಿಗೆ ಯಾವುದು ಸರಿ?

ನಮಸ್ಕಾರ. ಬಾಳೆ ಸಸಿಗಳ ಟಿಶ್ಯೂ ಕಲ್ಚರ್ ಲ್ಯಾಬ್ ಆರಂಭಿಸಲು ಹೊರಟಿರುವ ನಿಮಗೆ ಮಾರಾಟಗಾರರು ಹೆಪಾ ಸಾಲದು, ಅಲ್ಪಾ ಫಿಲ್ಟರೇ ಬೇಕು ಎಂದಿದ್ದಾರೆ. ಎರಡೂ ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳನ್ನು ಸೋಸುವ ಫಿಲ್ಟರ್‌ಗಳು (HEPA, ULPA), ಅಲ್ಪಾ ಇನ್ನೂ ಬಿಗಿ. ಇವುಗಳಲ್ಲಿ ಎಷ್ಟು ಬಗೆ, ಯಾವುದು ಎಲ್ಲಿಗೆ ಎಂದು ಕೇಳಿದ್ದೀರಿ. ಔಷಧ ಕಾರ್ಖಾನೆಗಳ ಕ್ಲೀನ್‌ರೂಮ್‌ಗಳಲ್ಲಿ ಫಿಲ್ಟರ್ ಪರೀಕ್ಷಿಸುವುದು ನನ್ನ ಕೆಲಸ. ನನ್ನ ಅಭಿಪ್ರಾಯದಲ್ಲಿ ನಿಮಗೆ ಎಚ್14 ದರ್ಜೆಯ ಹೆಪಾ ಧಾರಾಳವಾಗಿ ಸಾಕು. ಉಳಿಯುವ ಹಣದಲ್ಲಿ ಅದನ್ನು ಕೂರಿಸಿದ ಮೇಲೆ ಸೋರಿಕೆ ಪರೀಕ್ಷೆ ಮಾಡಿಸಿ.

ಯುರೋಪಿನ ಇಎನ್ 1822 ಮಾನದಂಡದಲ್ಲಿ ಮೂರು ಗುಂಪುಗಳಿವೆ. ಇ10ರಿಂದ ಇ12ರವರೆಗಿನವು ಇಪಿಎ (ಹೆಪಾಕ್ಕಿಂತ ಕೆಳದರ್ಜೆಯವು), ಎಚ್13 ಮತ್ತು ಎಚ್14 ಹೆಪಾ, ಯು15ರಿಂದ ಯು17ರವರೆಗಿನವು ಅಲ್ಪಾ. ಎಚ್13 ಶೇ 99.95ರಷ್ಟು, ಎಚ್14 ಶೇ 99.995ರಷ್ಟು, ಯು15 ಶೇ 99.9995ರಷ್ಟು ಕಣಗಳನ್ನು ತಡೆಯಬೇಕು. ಅದೂ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳನ್ನು. ಗಾಜಿನೆಳೆಯ ಕಾಗದದಲ್ಲಿ ಆ ಗಾತ್ರ ಸಾಮಾನ್ಯವಾಗಿ 0.1ರಿಂದ 0.3 ಮೈಕ್ರಾನ್. ಅದಕ್ಕಿಂತ ದೊಡ್ಡ ಕಣಗಳು ಗಾಳಿಯೊಂದಿಗೆ ತಿರುಗಲಾರದೆ ಎಳೆಗೆ ಬಡಿದು ಅಂಟಿಕೊಳ್ಳುತ್ತವೆ, ತೀರ ಸಣ್ಣವು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅತ್ತಿತ್ತ ಅಲೆಯುತ್ತ ಎಳೆಗೆ ತಾಗುತ್ತವೆ, ನಡುವಿನ ಗಾತ್ರದವೇ ನುಸುಳಿಕೊಳ್ಳುವುದು. ಸಸಿ ಬೆಳೆಸುವ ನಿಮ್ಮ ಬಾಟಲಿಗಳನ್ನು ಕೆಡಿಸುವ ಬೂಷ್ಟಿನ ಬೀಜಕಣಗಳು ಬಹುತೇಕ 2 ಮೈಕ್ರಾನಿಗಿಂತ ದೊಡ್ಡವು, ಬ್ಯಾಕ್ಟೀರಿಯಾಗಳೂ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗೆ ಕಡಿಮೆಯಿಲ್ಲ. ಆದ್ದರಿಂದ ಸರಿಯಾದ ಹೆಪಾ ಇವನ್ನು ನಿರಾಯಾಸವಾಗಿ ತಡೆಯುತ್ತದೆ.

ಅಲ್ಪಾ ನಿಜವಾಗಿ ಬೇಕಾಗುವುದು ಸೆಮಿಕಂಡಕ್ಟರ್ ಚಿಪ್ ತಯಾರಿಕೆಯಂಥ ಕಡೆ. ಅಲ್ಲಿ ಗಾಜಿನೆಳೆಯಿಂದ ಹೊರಬರುವ ಬೋರಾನ್ ಕೂಡ ತೊಂದರೆ ಕೊಡುವುದರಿಂದ ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಪೊರೆಯ ಫಿಲ್ಟರ್‌ಗಳನ್ನೂ ಬಳಸುತ್ತಾರೆ. ಇಂಜೆಕ್ಷನ್ ತುಂಬುವ ಕೋಣೆಗೆ ಎಚ್14, ಆಪರೇಷನ್ ಥಿಯೇಟರಿಗೆ ಎಚ್13 ಅಥವಾ ಎಚ್14 ವಾಡಿಕೆ. ಯಾವ ಹೆಪಾ ಕೂಡ ವಾಸನೆಯನ್ನು, ಅನಿಲವನ್ನು ತಡೆಯುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಬೇರೆಯೇ ಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಚೌಕಟ್ಟಿನ ಮೂಲೆಯಲ್ಲಿ ಗ್ಯಾಸ್ಕೆಟ್ (ಸಂದು ಮುಚ್ಚುವ ಮೆತ್ತನೆಯ ಪಟ್ಟಿ) ಸರಿಯಾಗಿ ಒತ್ತಿರದಿದ್ದರೆ, ಜೋಡಿಸುವಾಗ ಯಾರದೋ ಬೆರಳು ತಗುಲಿ ಮಡಿಕೆಯ ಕಾಗದ ಹರಿದಿದ್ದರೆ, ಶೋಧಿಸದ ಗಾಳಿ ಅಲ್ಲಿಂದ ನೇರವಾಗಿ ನಿಮ್ಮ ಸಸಿಯ ಮೇಲೆ ಬರುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ನಾವು ಫಿಲ್ಟರಿನ ಹಿಂಬದಿಗೆ ಪಿಎಒ ಎಂಬ ಕೃತಕ ಎಣ್ಣೆಯ ಸೂಕ್ಷ್ಮ ಹನಿಗಳ ಮಂಜನ್ನು ಬಿಟ್ಟು, ಮುಂಬದಿಯಲ್ಲಿ ಆ ಹನಿಗಳ ಪ್ರಮಾಣವನ್ನು ಬೆಳಕಿನಿಂದ ಅಳೆಯುವ ಫೋಟೋಮೀಟರಿನ ಪ್ರೋಬನ್ನು ಸುಮಾರು ಒಂದಂಗುಲ ದೂರದಲ್ಲಿ ಸಾಲುಸಾಲಾಗಿ ನಿಧಾನವಾಗಿ ಆಡಿಸುತ್ತೇವೆ. ಎಲ್ಲಿಯಾದರೂ ಹಿಂಬದಿಯ ಪ್ರಮಾಣದ ಶೇ 0.01ಕ್ಕಿಂತ ಹೆಚ್ಚು ಕಂಡರೆ ಅದು ಸೋರಿಕೆ. ಅದು ಹೆಚ್ಚಾಗಿ ಸಿಗುವುದು ಅಂಚುಗಳಲ್ಲಿ, ಫಿಲ್ಟರಿನ ನಡುವೆ ಸಿಗುವುದು ಅಪರೂಪ. ಈ ಕಾರಣಕ್ಕೇ ಔಷಧ ಕಾರ್ಖಾನೆಗಳಲ್ಲಿ ಗ್ಯಾಸ್ಕೆಟ್ ಬದಲು ಜೆಲ್ ಸೀಲ್ ಇಷ್ಟಪಡುತ್ತಾರೆ: ಚೌಕಟ್ಟಿನ ತೆಳು ಅಂಚು ಮೆತ್ತನೆಯ ಜೆಲ್ಲಿನೊಳಗೆ ಇಳಿದು ಕೂರುತ್ತದೆ.

ಲ್ಯಾಮಿನಾರ್ ಫ್ಲೋ ಕ್ಯಾಬಿನೆಟ್ (ಶೋಧಿಸಿದ ಗಾಳಿ ಒಂದೇ ದಿಕ್ಕಿನಲ್ಲಿ ಸಮನಾಗಿ ಬೀಸುವ, ಸಸಿಯ ಕೆಲಸ ಮಾಡುವ ಪೆಟ್ಟಿಗೆ) ಕೊಳ್ಳುವಾಗ ಆರ್ಡರಿನಲ್ಲೇ ಎಚ್14, ಸ್ಥಳದಲ್ಲೇ ಪಿಎಒ ಪರೀಕ್ಷೆ, ಗಾಳಿಯ ವೇಗ ಸೆಕೆಂಡಿಗೆ ಸುಮಾರು 0.45 ಮೀಟರ್, ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಗೇಜ್ ಎಂದು ಬರೆಸಿ. ಹೆಪಾಕ್ಕಿಂತ ಮೊದಲು ದಪ್ಪ ಧೂಳನ್ನು ಹಿಡಿಯುವ ಪ್ರೀ-ಫಿಲ್ಟರನ್ನು ತಪ್ಪದೆ ಸ್ವಚ್ಛ ಮಾಡಿ, ಹೆಪಾವನ್ನು ಮಾತ್ರ ಎಂದೂ ತೊಳೆಯಬೇಡಿ. ಒದ್ದೆಯಾದ ಕಾಗದ ಹಾಳಾಗುತ್ತದೆ. ಗೇಜಿನ ಅಂಕಿ ಆರಂಭದ ಒತ್ತಡದ ಎರಡು ಪಟ್ಟಿಗೆ ಬಂದಾಗ ಬದಲಾಯಿಸಲು ಸಿದ್ಧರಾಗಿ. ಇನ್ನೊಂದು ಎಚ್ಚರಿಕೆ: ಅಡ್ಡವಾಗಿ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಸಸಿಯನ್ನು ಕಾಪಾಡುತ್ತದೆ, ಎದುರು ಕೂತವರನ್ನಲ್ಲ. ಆದ್ದರಿಂದ ರೋಗಾಣುಗಳ ಕೆಲಸವೇನಾದರೂ ಇದ್ದರೆ ಅದಕ್ಕೆ ಕೆಲಸ ಮಾಡುವವರನ್ನೂ ಕಾಪಾಡುವ ಬಯೋಸೇಫ್ಟಿ ಕ್ಯಾಬಿನೆಟ್ಟನ್ನೇ ಬಳಸಿ.